ಜರ್ಮನ್ ಪಾದ್ರಿಗಳ ಪದಸಂಕಟ

ಹೊಸೂರಿನ ಕಡೆಯಿಂದ ತೊರಪಲ್ಲಿ ಅಗ್ರಹಾರಕ್ಕೆ ಬರುವ ಪರಸ್ಥಳದವರು ಮೊದಲು ವಿಚಾರಿಸುವುದು ಒಂದು ಮನೆಯನ್ನು. ೧೮೭೮ನೆಯ ಇಸವಿ ಡಿಸೆಂಬರ್ ೧೦ರಂದು ಚಕ್ರವರ್ತಿ ರಾಜಗೋಪಾಲಾಚಾರಿಯವರು ಜನಿಸಿದ ಮನೆ ಅದು. ಸ್ವತಂತ್ರ ಭಾರತದ ಗವರ್ನರ್ ಜನರಲ್ ಪದವಿಯನ್ನು ಅಲಂಕರಿಸಿದವರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅವರು ಸೇಲಂ ಪಟ್ಟಣದಲ್ಲಿ ವಕೀಲರಾಗಿದ್ದಾಗ, ೧೯೧೬ರಲ್ಲಿ, ತಮಿಳಿನಲ್ಲಿ ವಿಜ್ಞಾನದ ಪಾರಿಭಾಷಿಕ ಪದಗಳನ್ನು ರೂಪಿಸುವುದಕ್ಕಾಗಿ ಒಂದು ಸಂಘವನ್ನು ಕಟ್ಟಿದರೆಂಬುದನ್ನು ನೆನೆಯುವವರು ಕಡಿಮೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಹುಟ್ಟಿದವರಿಗೆ ಒಂದು ಮಾತಿನ ಭಾರವನ್ನು ಇನ್ನೊಂದು ಮಾತಿಗೆ ದಾಟಿಸುವ ಚಿಂತೆ ಸಹಜವಾಗಿಯೇ ಬಂದಿರಬೇಕೆಂದು ನಮಗೆ ತೋರುತ್ತದೆ.

ವಿಜ್ಞಾನದ ಪದಕ್ಕೆ ಒಂದು ಅನುಕೂಲವುಂಟು. ಆಮ್ಲಜನಕವೆಂಬ ಪದ ವಿದ್ಯಾರ್ಥಿಗೆ ತಿಳಿಯದಿದ್ದರೆ ಗಾಜಿನ ಜಾಡಿಯಲ್ಲಿ ಆ ಅನಿಲವನ್ನು ಹಿಡಿದು, ಕೆಂಡವಾದ ಕಡ್ಡಿಯನ್ನು ಅದರೊಳಗೆ ಇಳಿಸಿ, ಭುಗ್ಗನೆ ಉರಿಯುವುದನ್ನು ತೋರಿಸಿಬಿಡಬಹುದು. ಪದ ಸೋತರೂ ಪದಾರ್ಥ ಗೆಲ್ಲುತ್ತದೆ. ಮತಧರ್ಮದ ಪದಕ್ಕೆ ಈ ಭಾಗ್ಯವಿಲ್ಲ. ಪಾಪವನ್ನಾಗಲಿ ಕೃಪೆಯನ್ನಾಗಲಿ ಜಾಡಿಯಲ್ಲಿ ಹಿಡಿದು ತೋರಿಸಲಾಗದು. ಅಲ್ಲಿ ಪದವೊಂದೇ ಗತಿ. ಈ ಸಂಕಟವನ್ನು ಕನ್ನಡ ನಾಡಿನಲ್ಲಿ ಸಂಪೂರ್ಣವಾಗಿ ಅನುಭವಿಸಿದವರು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಾದ್ರಿಗಳು. ಅವರ ಮತವನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಅವರ ಪದಸಂಕಟದಿಂದ ಕನ್ನಡಕ್ಕೆ ದೊರೆತ ಲಾಭವು ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ತಿಳಿಯಬೇಕಾದ ಸಂಗತಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆಯ ಮೊದಲ ಮೂವರು ಪಾದ್ರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಸಂಸ್ಥೆಯು ಸ್ವಿಸ್ ನೆಲದ್ದಾದರೂ ಬಂದವರಲ್ಲಿ ಬಹುಮಂದಿ ಜರ್ಮನರು, ಅದರಲ್ಲಿಯೂ ವುರ್ಟೆಂಬರ್ಗ್ ಪ್ರಾಂತದವರು. ಅವರ ಬಾಯಲ್ಲಿದ್ದುದು ಮಾರ್ಟಿನ್ ಲೂಥರನು ತನ್ನ ಬೈಬಲ್ ಭಾಷಾಂತರದಲ್ಲಿ ನೆಲೆಗೊಳಿಸಿದ ಜರ್ಮನ್. ಅವರ ಸುತ್ತ ರಾಜ್ಯವಾಳುತ್ತಿದ್ದುದು ಇಂಗ್ಲಿಷ್. ಅವರ ಮುಂದೆ ನಿಂತವರು ಆಡುತ್ತಿದ್ದುದು ಕನ್ನಡ, ತುಳು, ಕೊಂಕಣಿ. ಹೀಗೆ ಒಂದೊಂದು ಧರ್ಮಪದವೂ ಮೂರು ಬಾಗಿಲುಗಳನ್ನು ದಾಟಬೇಕಾಯಿತು.

ಜರ್ಮನಿನಿಂದ ಇಂಗ್ಲಿಷಿಗೆ ಬರುವ ಬಾಗಿಲೇ ಸಲೀಸಾಗಿರಲಿಲ್ಲ. ಲೂಥರನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾದುದು ೧೫೨೨ರಲ್ಲಿ. ಅದನ್ನು ಕೈಯಲ್ಲಿಟ್ಟುಕೊಂಡೇ, ಗ್ರೀಕ್ ಮೂಲವನ್ನು ನೋಡುತ್ತ, ವಿಲಿಯಂ ಟಿಂಡೇಲ್ ಎಂಬ ವಿದ್ವಾಂಸನು ತನ್ನ ಇಂಗ್ಲಿಷ್ ಭಾಷಾಂತರವನ್ನು ಸಿದ್ಧಪಡಿಸಿ ೧೫೨೬ರಲ್ಲಿ ಜರ್ಮನಿಯ ವೋರ್ಮ್ಸ್ ನಗರದಲ್ಲಿ ಅಚ್ಚು ಹಾಕಿಸಿದನು. ಜರ್ಮನಿನಲ್ಲಿ 'ಬೂಸೆ' ಎಂದೊಂದು ಪದವಿದೆ. ಮಾಡಿದ ತಪ್ಪಿಗೆ ವಿಧಿಸಿದ ವ್ರತನಿಯಮವೂ ಅದೇ, ಮನಸ್ಸಿನ ಮರುಗುವಿಕೆಯೂ ಅದೇ. ಇಂದಿಗೂ ಜರ್ಮನರು ದಂಡದ ಹಣವನ್ನು ಈ ಪದದಿಂದಲೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳು, 'ಪೆನನ್ಸ್' ಮತ್ತು 'ರಿಪೆಂಟೆನ್ಸ್'. ಟಿಂಡೇಲನು ಎರಡನೆಯದನ್ನು ಆರಿಸಿದನು. 'ಗ್ರೇಸ್' ಎಂಬುದರ ಬದಲಿಗೆ 'ಫೇವರ್' ಎಂದೂ ಬರೆದನು. ಇಷ್ಟಕ್ಕೇ ಸರ್ ಥಾಮಸ್ ಮೋರ್ ಆತನ ಮೇಲೆ ದೊಡ್ಡ ಗ್ರಂಥಗಳನ್ನೇ ಬರೆದು ಹರಿಹಾಯ್ದನು. ವ್ರತನಿಯಮವೆಂಬ ಅರ್ಥ ಹೋದರೆ ಅದನ್ನು ವಿಧಿಸುವ ಗುರುಪೀಠದ ಅಧಿಕಾರವೂ ಹೋಗುವುದೆಂಬುದನ್ನು ಮೋರ್ ಚೆನ್ನಾಗಿ ಬಲ್ಲನು. ೧೫೩೬ರಲ್ಲಿ ಟಿಂಡೇಲನನ್ನು ಪಾಷಂಡಿಯೆಂದು ಕತ್ತು ಬಿಗಿದು ಕೊಂದು ಸುಟ್ಟರು. ಪದವನ್ನು ಆರಿಸುವುದು ಕೆಲವು ಕಾಲಗಳಲ್ಲಿ ಪ್ರಾಣದ ವ್ಯವಹಾರವಾಗಿತ್ತೆಂಬುದನ್ನು ನಿಘಂಟು ಬಿಡಿಸಿದೊಡನೆ ಬೇಸರಪಡುವ ನಮ್ಮ ಹುಡುಗರಿಗೆ ಹೇಳುವುದುಂಟು.

ಕನ್ನಡಕ್ಕೆ ಬಂದಾಗ ಇದೇ ಪದದ ಗತಿ ವಿಚಿತ್ರವಾಗಿದೆ. ನಮ್ಮಲ್ಲಿ ಪ್ರಾಯಶ್ಚಿತ್ತವೂ ಉಂಟು, ಪಶ್ಚಾತ್ತಾಪವೂ ಉಂಟು. ಇಂಗ್ಲಿಷಿನಂತೆ ನಾವೂ ಎರಡನ್ನೂ ಬೇರೆಯಾಗಿಯೇ ಇಟ್ಟಿದ್ದೇವೆ. ಪ್ರಾಯಶ್ಚಿತ್ತವೆಂದೊಡನೆ ಪಂಚಗವ್ಯ, ಹೋಮ, ದಾನ ಇವೆಲ್ಲ ಕಣ್ಣಿಗೆ ಕಟ್ಟುವುವು. ಪಶ್ಚಾತ್ತಾಪವೋ ಹಿಂದಣ ತಪ್ಪಿಗಾಗಿ ಬೇಯುವುದು ಮಾತ್ರ. ಮುಂದೆ ತಿರುಗಿ ನಡೆಯಬೇಕೆಂಬುದು ಅದರಲ್ಲಿಲ್ಲ. ಆದಕಾರಣ ಕನ್ನಡ ಬೈಬಲಿನಲ್ಲಿ 'ಮಾನಸಾಂತರ' ಎಂಬ ಪದವು ಬಳಕೆಗೆ ಬಂದಿತು. ಮನಸ್ಸು ಬೇರೆಯಾಗುವುದು ಎಂದು ಅದರ ಅರ್ಥ. ಗ್ರೀಕ್ ಮೂಲಪದವಾದ 'ಮೆಟನೋಯಾ' ಎಂಬುದರ ಅರ್ಥವೂ ಹೆಚ್ಚುಕಡಿಮೆ ಅದೇ. ಜರ್ಮನನ್ನೂ ಇಂಗ್ಲಿಷನ್ನೂ ಬದಿಗಿಟ್ಟು ಕನ್ನಡವು ನೇರವಾಗಿ ಗ್ರೀಕಿನ ಕೈಹಿಡಿದ ಅಪರೂಪದ ಸ್ಥಳವಿದು. ನಮ್ಮ ಮಟ್ಟಿಗೆ, ಆ ಪದವು ಮೂವರಲ್ಲಿಯೂ ಉತ್ತಮವಾಗಿ ನಿಂತಿರುವುದು ಕನ್ನಡದಲ್ಲಿಯೇ.

ಎಲ್ಲ ಪದಗಳೂ ಹೀಗೆ ಒಲಿಯಲಿಲ್ಲ. ಲೂಥರನ ಮತದ ನಡುಗಂಬವೆಂದರೆ 'ಗೆರೆಖ್ಟಿಗ್ಕೈಟ್'. ದೇವರ ಈ ಗುಣವನ್ನು ತಾನು ಮೊದಲು ದಂಡಿಸುವ ನ್ಯಾಯವೆಂದು ತಿಳಿದು ದ್ವೇಷಿಸುತ್ತಿದ್ದುದಾಗಿಯೂ, ಅದು ಮನುಷ್ಯನಿಗೆ ದೇವರು ಕೊಡುವ ದಾನವೆಂದು ಹೊಳೆದಾಗ ಸ್ವರ್ಗದ ಬಾಗಿಲು ತೆರೆದಂತಾಯಿತೆಂದೂ ಲೂಥರನು ೧೫೪೫ರಲ್ಲಿ ಬರೆದಿದ್ದಾನೆ. ಜರ್ಮನಿನ ಈ ಒಂದು ಪದಕ್ಕೆ ಇಂಗ್ಲಿಷಿನಲ್ಲಿ 'ಜಸ್ಟಿಸ್', 'ರೈಟಿಯಸ್‌ನೆಸ್' ಎಂದು ಎರಡು. ಕನ್ನಡದಲ್ಲಿ ನ್ಯಾಯ, ಧರ್ಮ, ನೀತಿ ಎಂದು ಮೂರು. ನ್ಯಾಯವೆಂದರೆ ಕಚೇರಿ, ಕಟ್ಟೆ. ಧರ್ಮವೆಂದರೆ ಕುಲಾಚಾರದಿಂದ ಹಿಡಿದು ಭಿಕ್ಷುಕನ 'ಧರ್ಮ ಮಾಡಿ ತಾಯಿ' ಎಂಬ ಕೂಗಿನವರೆಗೆ. ಉಳಿದದ್ದು ನೀತಿ; ಕನ್ನಡ ಬೈಬಲು ಅದನ್ನೇ ಹಿಡಿಯಿತು. ಆದರೆ ನೀತಿಯೆಂಬುದು ನಮ್ಮಲ್ಲಿ ಕಲಿತು ನಡೆಯುವ ವಿಷಯ. ಶಾಲೆಯಲ್ಲಿ ನೀತಿಪಾಠವಿದೆ, ನೀತಿಯನ್ನು ದಾನ ಕೊಡುವವರಿಲ್ಲ. ಲೂಥರನಿಗೆ ಬಾಗಿಲು ತೆರೆದ ಅರ್ಥವೇ ಇಲ್ಲಿ ಹೊರಗುಳಿಯಿತು. ಉಪದೇಶಕನು ಆ ಪದದ ಸುತ್ತ ನಿಂತು ಪ್ರತಿಸಲವೂ ವಿವರಿಸಬೇಕಾಗುತ್ತದೆ.

ಇಲ್ಲಿ ವ್ಯಾಕರಣದ ಒಂದು ಸ್ವಾರಸ್ಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಜರ್ಮನ್ ಭಾಷೆ ನಮ್ಮ ಸಂಸ್ಕೃತದಂತೆ ಸಮಾಸಪ್ರಿಯ. 'ಗ್ಲೌಬೆ' ಎಂದರೆ ನಂಬಿಕೆ. ಅದನ್ನು ಮೇಲಿನ ಪದದೊಡನೆ ಸಮಾಸ ಮಾಡಿ 'ಗ್ಲೌಬೆನ್ಸ್‌ಗೆರೆಖ್ಟಿಗ್ಕೈಟ್' ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಇಂಗ್ಲಿಷಿಗೆ ತರುವವನು ವಿಗ್ರಹವಾಕ್ಯ ಹೇಳದೆ ವಿಧಿಯಿಲ್ಲ. ನಂಬಿಕೆಯಿಂದ ಬಂದ ನೀತಿ ಎಂದು ತೃತೀಯೆಯೋ, ನಂಬಿಕೆಯ ನೀತಿ ಎಂದು ಷಷ್ಠಿಯೋ, ನಂಬಿಕೆಯೇ ನೀತಿ ಎಂದು ಕರ್ಮಧಾರಯವೋ? ಒಂದು ವಿಭಕ್ತಿಯನ್ನು ಬರೆದೊಡನೆ ಒಂದು ಪಂಥದ ಪಕ್ಷ ಹಿಡಿದಂತಾಗುತ್ತದೆ. ಜರ್ಮನ್ ದೇವಶಾಸ್ತ್ರವನ್ನು ಇಂಗ್ಲಿಷಿಗೆ ತಂದವರ ತೊಡಕಿನಲ್ಲಿ ದೊಡ್ಡ ಪಾಲು ಇದು. ಕನ್ನಡದಲ್ಲಿ 'ವಿಶ್ವಾಸನೀತಿ' ಎಂದು ಸಮಾಸವನ್ನೇ ಇಟ್ಟು ಜಾಣತನದಿಂದ ಪಾರಾಗಬಹುದಿತ್ತು. ಓದುವವನಿಗೆ ಏನೂ ತಿಳಿಯುತ್ತಿರಲಿಲ್ಲ ಅಷ್ಟೆ.

ವಿಶ್ವಾಸವೆಂದಾಗ ನೆನಪಾಯಿತು. ಕನ್ನಡ ಪ್ರಾಟೆಸ್ಟೆಂಟರು 'ನಂಬಿಕೆ' ಎಂಬ ಅಚ್ಚಗನ್ನಡ ಪದವನ್ನು ಹೆಚ್ಚಾಗಿ ಬಳಸಿದರು, ಕ್ಯಾಥೊಲಿಕರು 'ವಿಶ್ವಾಸ'ವನ್ನು. ಆದರೆ ನಾವು ಕಾಗದದ ಕೊನೆಯಲ್ಲಿ 'ಇಂತಿ ನಿಮ್ಮ ವಿಶ್ವಾಸಿ' ಎಂದು ಬರೆಯುವಾಗ ಅಲ್ಲಿರುವುದು ಪ್ರೀತಿ, ಸ್ನೇಹ. ನಂಬಿಕೆಯೋ ಹೊಲಗದ್ದೆಯ ಮಾತು: ನಂಬಿಕೆಯ ಆಳು, ನಂಬಿಸಿ ಕೈಕೊಟ್ಟವನು. ಭಕ್ತಿಯೆಂಬ ಪದವು ಹತ್ತಿರವಿತ್ತು; ಅದರ ಮೇಲೆ ಶರಣರ ಮತ್ತು ದಾಸರ ಮುದ್ರೆ ಎಂದೋ ಬಿದ್ದಿತ್ತು.

ಇನ್ನು ಪಾಪ. ಕೆಲವು ವರ್ಷಗಳ ಹಿಂದೆ ನಾವು ತರಗತಿಯಲ್ಲಿ ಒಂದು ಕನ್ನಡ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಲು ಕೊಟ್ಟೆವು: 'ಪಾಪ, ಅವನಿಗೆ ಜ್ವರ.' ಹುಡುಗನೊಬ್ಬನು ನಿಘಂಟನ್ನು ನಂಬಿ 'ಸಿನ್, ಹೀ ಹ್ಯಾಸ್ ಫೀವರ್' ಎಂದು ಬರೆದನು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆಮೇಲೆ ಯೋಚಿಸಿದಾಗ ಹುಡುಗನ ತಪ್ಪಿನಲ್ಲಿ ದೊಡ್ಡ ಪ್ರಶ್ನೆಯೊಂದು ಕಂಡಿತು. ಜರ್ಮನಿನ 'ಸುಂಡೆ' ಎಂಬುದು ಕನಿಕರದ ಉದ್ಗಾರವಾಗಲಾರದು. ಕನ್ನಡಿಗನಿಗೆ ಮಾತ್ರ ಪಾಪ ಮಾಡಿದವನೂ ಪಾಪವೇ, ಮಳೆಯಲ್ಲಿ ನೆನೆದ ನಾಯಿಮರಿಯೂ ಪಾಪವೇ. ಅಲ್ಲದೆ ನಮ್ಮಲ್ಲಿ ಪಾಪಕ್ಕೆ ಎದುರಾಗಿ ಪುಣ್ಯದ ಖಾತೆಯೊಂದು ಇದ್ದೇ ಇದೆ. ಮಂಗಳೂರಿನ ಬೀದಿಯಲ್ಲಿ ಪಾಪದ ಮೇಲೆ ಗಂಭೀರವಾಗಿ ಉಪದೇಶ ಮಾಡಿದ ಪಾದ್ರಿಗೆ ಎದುರಿನ ಮುದುಕಿ 'ಅಯ್ಯೋ ಪಾಪ' ಎಂದಿದ್ದರೆ ಆತನು ಅದನ್ನು ಹೇಗೆ ತಿಳಿಯಬೇಕಾಗಿತ್ತು?

ಇಂತಹ ಪೆಟ್ಟುಗಳು ಬಿದ್ದಾಗ ಎರಡು ದಾರಿಗಳಿವೆ. ಕೇಳುವವರು ಮೂಢರೆಂದು ಕೈಚೆಲ್ಲುವುದು ಒಂದು. ಪದದ ಮೂಲವನ್ನು ಹುಡುಕಿಹೋಗುವುದು ಇನ್ನೊಂದು. ೧೮೩೬ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಎರಡನೆಯ ದಾರಿಯನ್ನು ಹಿಡಿದರು. ೧೮೪೩ರ ಜುಲೈ ೧ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರೆಂದು ಅವರು ಪ್ರಸಿದ್ಧರು. ಬಳಿಕ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ತಂದರು. (ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದು ಶಾಯಿಯ ಉರುಳೆಯಿಂದ ಪ್ರತಿ ತೆಗೆಯುವ ನಮ್ಮಂಥವರಿಗೆ ಆ ಕಲ್ಲಚ್ಚಿನವರ ಮೇಲೆ ಸ್ವಲ್ಪ ಬಂಧುಭಾವವುಂಟು.) ೧೮೬೦ರಲ್ಲಿ ಮೋಗ್ಲಿಂಗರು ದಾಸರ ಹಾಡುಗಳನ್ನು ಜರ್ಮನಿಗೆ ಭಾಷಾಂತರಿಸಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಜರ್ಮನ್ ಪದಕ್ಕೆ ಕನ್ನಡವನ್ನು ಹುಡುಕುತ್ತಿದ್ದವರು ಈಗ ಪುರಂದರದಾಸರ ಕರುಣೆಗೂ ಶರಣಾಗತಿಗೂ ಜರ್ಮನನ್ನು ಹುಡುಕತೊಡಗಿದರು. ಸಾಲ ಕೊಡಲು ಬಂದವರು ಸಾಲ ಪಡೆದು ಹೋದಂತೆ.

ಮೋಗ್ಲಿಂಗರ ಒಡನಾಡಿಯಾದ ಗಾಟ್‌ಫ್ರೀಡ್ ವೈಗ್ಲೆ ಬೈಬಲಿನ ಕನ್ನಡವನ್ನು ತಿದ್ದುವ ಕೆಲಸಕ್ಕೆ ತೊಡಗಿ, ೧೮೫೫ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಇವರಿಗಿಂತ ಮುಂಚೆ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನಿನವರು ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಮಂಗಳೂರಿನ ಆನಂದರಾವ್ ಕೌಂಡಿನ್ಯರು ೧೮೪೪ರಲ್ಲಿ ಕ್ರೈಸ್ತರಾಗಿ, ಬಾಸೆಲಿಗೆ ಹೋಗಿ ಅಲ್ಲಿಯೇ ದೇವಶಾಸ್ತ್ರವನ್ನು ಓದಿ, ೧೮೫೧ರಲ್ಲಿ ಹಿಂತಿರುಗಿದರು. ಈ ಪದಗಳ ಎರಡು ದಡವನ್ನೂ ಸ್ವಂತ ಅನುಭವದಿಂದ ಬಲ್ಲವರು ಅವರೊಬ್ಬರೇ ಎನ್ನಬೇಕು.

ಫರ್ಡಿನೆಂಡ್ ಕಿಟ್ಟೆಲ್ ಅವರು ೧೮೫೩ರಲ್ಲಿ ಬಂದರು. ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಿಂದ ನಮ್ಮ ಛಂದಸ್ಸಿನಲ್ಲಿಯೇ ಹಾಡಿದರು. ಜರ್ಮನಿನ 'ಓಪ್‌ಫರ್' ಎಂಬ ಪದದಲ್ಲಿ ಯಜ್ಞವೂ ಅಡಗಿದೆ, ಅದರಲ್ಲಿ ಬಲಿಯಾಗುವ ಜೀವವೂ ಅಡಗಿದೆ. ಕನ್ನಡದಲ್ಲಿ ಯಜ್ಞವು ಅಗ್ರಹಾರಕ್ಕೆ ಸೇರಿದ್ದು, ಬಲಿಯು ಊರ ಹೊರಗಿನ ಮಾರಿಗುಡಿಗೆ ಸೇರಿದ್ದು. ಕಿಟ್ಟೆಲ್ ಅವರು ಈ ವಿಚಾರದಲ್ಲಿ ವೇದವಾಙ್ಮಯವನ್ನೇ ಶೋಧಿಸಿ ೧೮೭೨ರಲ್ಲಿ 'ಯಜ್ಞಸುಧಾನಿಧಿ'ಯನ್ನು ಪ್ರಕಟಿಸಿದರು. ಅದೇ ವರ್ಷ ಕೇಶಿರಾಜನ ಶಬ್ದಮಣಿದರ್ಪಣವನ್ನೂ, ೧೮೭೫ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ಕೊನೆಗೆ ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದುದು ಅವರ ಮಹಾನಿಘಂಟು. ಪುಟಗಳು ೧,೭೦೦ಕ್ಕೂ ಮೇಲು. ಅದು ಕನ್ನಡ-ಇಂಗ್ಲಿಷ್ ನಿಘಂಟು ಎಂಬುದನ್ನು ನಾವು ಮರೆಯುತ್ತೇವೆ. ಕನ್ನಡವೂ ಅವರ ತಾಯ್ನುಡಿಯಲ್ಲ, ಇಂಗ್ಲಿಷೂ ಅಲ್ಲ. ಕಲಿತ ಮಾತನ್ನು ಇನ್ನೊಂದು ಕಲಿತ ಮಾತಿನಿಂದ ವಿವರಿಸಬೇಕಾದವನು ಯಾವ ಪದವನ್ನೂ ತನಗೆ ಗೊತ್ತೆಂದು ಬಿಟ್ಟುಬಿಡಲಾರನು. ಗಾದೆ, ಪ್ರಯೋಗ, ಕವಿವಾಕ್ಯ ಎಲ್ಲವನ್ನೂ ಸಾಕ್ಷಿಗೆ ಕರೆಯುತ್ತಾನೆ. ಕಿಟ್ಟೆಲ್ ಕೋಶದ ಬಲವು ಇದರಲ್ಲಿದೆಯೆಂದು ನಮ್ಮ ಅಭಿಪ್ರಾಯ. ಮದರಾಸು ವಿಶ್ವವಿದ್ಯಾನಿಲಯವು ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ೧೯೬೮ರಿಂದ ೧೯೭೧ರ ವರೆಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ತಂದಿತು.

ಒಂದು ಪದವನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದೇವೆ: 'ಗ್ನಾಡೆ', ಅಂದರೆ ಕೃಪೆ. ಮಾರ್ಬುರ್ಗ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ರುಡಾಲ್ಫ್ ಆಟೋ ಅವರು ಶ್ರೀರಾಮಾನುಜರ ಸಿದ್ಧಾಂತವನ್ನು ಜರ್ಮನಿಗೆ ತಂದವರು. ೧೯೩೦ರಲ್ಲಿ ಅವರು ಭಾರತದ 'ಗ್ನಾಡೆನ್‌ರೆಲಿಗಿಯೋನ್' ಎಂಬುದನ್ನು ಕ್ರೈಸ್ತ ಮತದೊಡನೆ ತೂಗಿ ಒಂದು ಪುಸ್ತಕ ಬರೆದರು. ಅದೇ ವರ್ಷ ಅದು ಇಂಗ್ಲಿಷಿನಲ್ಲಿಯೂ ಬಂದಿತು. ತಾಯಿಯನ್ನು ತಾನೇ ಬಿಗಿಯಾಗಿ ಅಪ್ಪಿಕೊಳ್ಳುವ ಕೋತಿಮರಿ, ತಾಯಿಯೇ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿ, ಈ ಎರಡು ನ್ಯಾಯಗಳನ್ನೂ ಅವರು ಅಲ್ಲಿ ಚರ್ಚಿಸಿದ್ದಾರೆ. ಶ್ರೀವೈಷ್ಣವ ಮನೆಗಳ ಮಕ್ಕಳು ಅಜ್ಜಿಯರ ಬಾಯಿಂದ ಕೇಳುವ ದೃಷ್ಟಾಂತಗಳಿವು. ಕೃಪೆಯು ಎರಡು ಕಡೆಯೂ ನಿಜವಾದುದೇ, ಆದರೆ ಎರಡು ಮತಗಳೂ ತಿರುಗುವ ಅಚ್ಚು ಬೇರೆ ಎಂಬುದು ಅವರ ತೀರ್ಮಾನ. ನಮಗಾದರೋ, ಲೂಥರನು ಬೆಕ್ಕಿನ ಮರಿಯ ಪಕ್ಷದವನೆಂದು ಕಾಣುತ್ತದೆ.

ಈ ಪುಸ್ತಕದ ಹೆಸರನ್ನು ಅಗ್ರಹಾರದ ಹಿರಿಯರೊಬ್ಬರಿಗೆ ಕನ್ನಡದಲ್ಲಿ ಹೇಳಬೇಕಾಗಿ ಬಂದಾಗ ನಾವು ಜರ್ಮನಿನ ಜಾಡಿನಲ್ಲಿಯೇ 'ಕೃಪಾಮತ' ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ ಕೃಪೆ, ಸ್ವಾಮೀ?" ಎಂದು ಕೇಳಿದರು. ವಿಗ್ರಹವಾಕ್ಯವು ನಮ್ಮ ಬಳಿ ಸಿದ್ಧವಾಗಿರಲಿಲ್ಲ.