ಆನೆಗೂ ಕೊಂಡವಾಡ ಇತ್ತು, ಬೆಕ್ಕಿಗೆ ಮಾತ್ರ ಇಲ್ಲ

ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದೆ, ಓಣಿ ತುಂಬ ಬೆಕ್ಕಾಗಿವೆ, ಯಾರಿಗೆ ಹೇಳಬೇಕು? ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಜನ ಕೇಳುವ ಪ್ರಶ್ನೆ ಇದು. ನಾನೂ ಒಮ್ಮೆ ಒಂದು ಕಚೇರಿಗೆ ಫೋನ್ ಹಚ್ಚಿದ್ದೆ. "ನಾಯಿ ಇದ್ರ ಹೇಳ್ರಿ, ಬೆಕ್ಕಿಂದು ನಮಗ ಬರಂಗಿಲ್ಲ" ಅಂದರು. ಸಿಟ್ಟು ಬಂತು. ಆಮೇಲೆ ಹಳೆಯ ಕಾನೂನು ತಿರುವಿ ಹಾಕಿದಾಗ ಆ ಮಾತಿನಲ್ಲಿ ಅರ್ಧ ಸತ್ಯ ಕಂಡಿತು.

ತುಡುಗು ದನ ಕಟ್ಟುವ ಕೊಂಡವಾಡ ನಮ್ಮ ಹಿರಿಯರಿಗೆ ಗೊತ್ತು. ಬ್ರಿಟಿಷರು 1871ರಲ್ಲಿ ತಂದ ಜಾನುವಾರು ಅತಿಕ್ರಮಣ ಕಾಯ್ದೆಯಲ್ಲಿ ದನ, ಎಮ್ಮೆ, ಕುದುರೆ, ಕತ್ತೆ, ಹಂದಿ, ಕುರಿ, ಮೇಕೆ, ಒಂಟೆ, ಆನೆ ಕೂಡ ಇವೆ. ಹೊಲ ಹಾಳಾದರೆ ಕಂದಾಯಕ್ಕೆ ಪೆಟ್ಟು. ಬೆಕ್ಕು ಬೆಳೆ ಮೇಯುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿಲ್ಲ. ನಾಯಿ ಕಚ್ಚುತ್ತದೆ, ಅದರ ಮೇಲೆ ಸರ್ಕಾರದ ಕಣ್ಣು ಬೇಗ ಬಿತ್ತು. ಮುಂಬೈಯಲ್ಲಿ 1832ರಲ್ಲೇ ಬೀದಿನಾಯಿ ಕೊಲ್ಲಿಸಲು ಹೋಗಿ ಪಾರ್ಸಿಗಳು ರೊಚ್ಚಿಗೆದ್ದು ಗಲಭೆಯಾಗಿತ್ತು.

ಬೆಕ್ಕನ್ನು ಸರ್ಕಾರಿ ಮನುಷ್ಯರೊಬ್ಬರು ಲೆಕ್ಕ ಹಾಕಿದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬೈಗೆ ಬಂದ ರೋಗ ಊರೂರಿಗೆ ಹಬ್ಬಿತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಬೇರಾರ್‌ನ ಅಮರಾವತಿಯಲ್ಲಿ ಆಂಡ್ರ್ಯೂ ಬುಕಾನನ್ ಎಂಬ ಸೇನಾ ವೈದ್ಯರಿದ್ದರು. ಕಲಬುರಗಿಯಂತೆ ಬೇರಾರ್ ಸಹ ಹೆಸರಿಗೆ ನಿಜಾಮರದೇ, ಆಡಳಿತ ಮಾತ್ರ ಬ್ರಿಟಿಷರದು. ಬುಕಾನನ್ ಹಳ್ಳಿಗಳಲ್ಲಿ ಎಷ್ಟು ಮನೆಗೆ ಬೆಕ್ಕಿದೆ ಎಂದು ಎಣಿಸಿದರು. ಅರ್ಧಕ್ಕಿಂತ ಹೆಚ್ಚು ಮನೆಯಲ್ಲಿ ಬೆಕ್ಕಿದ್ದರೆ ಆ ಊರಿಗೆ ಪ್ಲೇಗ್ ಸುಳಿಯುವುದಿಲ್ಲ, ಮನೆಗೊಂದು ಬೆಕ್ಕು ಸಾಕಿ ಎಂದು 1908ರಲ್ಲಿ ಬರೆದರು. ಬೆಕ್ಕಿಗೂ ಪ್ಲೇಗ್ ತಗಲುತ್ತದೆ, ಅಷ್ಟು ಸರಳ ಅಲ್ಲ. ಆದರೆ ಇಲಿ ಕಾಟದಿಂದ ಜೋಳ, ತೊಗರಿ ಉಳಿಸಿಕೊಂಡ ನಮ್ಮ ಅಜ್ಜಿಯಂದಿರಿಗೆ ಇದನ್ನು ಸಾಹೇಬರು ಹೇಳಬೇಕಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಪಟ್ಟಿ ಬಹಳ ಬದಲಾಗಲಿಲ್ಲ. 2001ರ ಸಂತಾನ ನಿಯಂತ್ರಣ ನಿಯಮದ ಹೆಸರಿನಲ್ಲೇ ನಾಯಿ ಇತ್ತು. 2023ರ ಹೊಸ ನಿಯಮದ ಹೆಸರಲ್ಲಿ ಪ್ರಾಣಿ ಅಂತಿದೆ, ಒಳಗಿನ ವಿವರ ಬಹುಪಾಲು ನಾಯಿಯದೇ. ಇತ್ತ ಬೆಕ್ಕು ಎರಡು ತಿಂಗಳಿಗೆ ಮರಿ ಹಾಕುತ್ತದೆ, ಆ ಮರಿ ಆರು ತಿಂಗಳಿಗೆ ಗಬ್ಬ ಆಗಬಲ್ಲದು.

ಯಾರೂ ಬರದಿದ್ದಾಗ ಕೆಲವರು ಚೀಲದಲ್ಲಿ ಕಟ್ಟಿ ಪಕ್ಕದೂರಿಗೆ ಬಿಟ್ಟು ಬರುತ್ತಾರೆ, ಕೆಲವರು ಇಲಿ ಪಾಷಾಣ ಇಡುತ್ತಾರೆ. ಬೆಕ್ಕು ಕೊಂದರೆ ಬಂಗಾರದ ಬೆಕ್ಕು ದಾನ ಕೊಡಬೇಕು ಎಂಬ ಹಳೆಯ ಭಯ ಈಗಿಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ, ಪ್ರಾಣಿಗೆ ವಿಷ ಹಾಕಿದರೆ 5 ವರ್ಷದವರೆಗೆ ಜೈಲು. ಬೆಕ್ಕು ಕಚ್ಚಿದರೂ ಪರಚಿದರೂ 15 ನಿಮಿಷ ಸಾಬೂನು ಹಚ್ಚಿ ತೊಳೆದು ಆಸ್ಪತ್ರೆಗೆ ಹೋಗಿ. ಹುಚ್ಚು ರೋಗ ನಾಯಿಯಿಂದಷ್ಟೇ ಬರುವುದಿಲ್ಲ.

ಪುರಸಭೆಗೋ ಪಂಚಾಯಿತಿಗೋ ಅರ್ಜಿ ಕೊಡುವವರು ಬರೀ ಬೀದಿ ಪ್ರಾಣಿ ಎನ್ನದೆ ಬೆಕ್ಕು ಅಂತಲೇ ಬರೆಯಿರಿ, ಸ್ವೀಕೃತಿ ತಗೊಳ್ಳಿ.