ಹನ್ನೆರಡರ ಯೇಸು, ಹದಿಮೂರರ ಬಾಲಕ

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ ಮಕ್ಕಳನ್ನು ದೃಢೀಕರಣ ಸಂಸ್ಕಾರಕ್ಕೆ ಅಣಿಗೊಳಿಸುವಾಗ, ಹನ್ನೆರಡು ವರ್ಷದ ಯೇಸು ಜೆರುಸಲೇಮ್ ದೇವಾಲಯಕ್ಕೆ ಹೋದದ್ದು ಯೆಹೂದ್ಯರ 'ಬಾರ್ ಮಿತ್ಸ್ವಾ' ಆಚರಣೆಗೆಂದು ನಾವು ಹೇಳಿದ್ದುಂಟು. ಪ್ರಬೋಧನೆಗಳಲ್ಲಿ ಆಗಾಗ ಕೇಳಿಬರುವ ಈ ಮಾತನ್ನು ಇತಿಹಾಸದ ಬೆಳಕಿನಲ್ಲಿ ತಿದ್ದಿಕೊಳ್ಳಬೇಕಾಗಿದೆ.

ಸಂತ ಲೂಕರು (2:41-52) ವರ್ಣಿಸುವುದು ಪ್ರತಿವರ್ಷದ ಪಾಸ್ಕಯಾತ್ರೆಯನ್ನು. ಬಾಲಕನಿಗಾಗಿ ನಡೆದ ಯಾವ ವಿಧಿಯನ್ನೂ ಅಲ್ಲ. ಹದಿಮೂರನೆಯ ವಯಸ್ಸನ್ನು ಧಾರ್ಮಿಕ ಹೊಣೆಯ ವಯಸ್ಸೆಂದು ಗುರುತಿಸುವ ಮಿಷ್ನಾ ಸಂಕಲಿತವಾದದ್ದು ಕ್ರಿ.ಶ. 200ರ ಸುಮಾರಿಗೆ. ಅದನ್ನು ಸಮಾರಂಭವಾಗಿ ಆಚರಿಸುವ ರೂಢಿ ಬೆಳೆದದ್ದು ಮಧ್ಯಯುಗದ ಯೂರೋಪಿನಲ್ಲಿ. ಹುಡುಗಿಯರ ಹೊಣೆಯ ವಯಸ್ಸು ಹನ್ನೆರಡು. ಅವರ 'ಬಾತ್ ಮಿತ್ಸ್ವಾ' ಇನ್ನೂ ಈಚಿನದು. 1922ರಲ್ಲಿ ನ್ಯೂಯಾರ್ಕಿನ ರಬ್ಬಿ ಮೊರ್ದೆಕೈ ಕಪ್ಲಾನರು ಮಗಳು ಜೂಡಿತ್‌ಳಿಗೆ ಅದನ್ನು ನಡೆಸಿದರು.

'ಬಾರ್ ಮಿತ್ಸ್ವಾ' ಎಂದರೆ 'ಆಜ್ಞೆಯ ಮಗ'. ಸಮಾರಂಭ ನಡೆಯದಿದ್ದರೂ, ಹದಿಮೂರು ತುಂಬಿದವನು ಆಜ್ಞೆಗಳಿಗೆ ಬದ್ಧನೇ. ಕುಟುಂಬವು ಆ ಹೊಣೆಯನ್ನು ಹಬ್ಬವಾಗಿಸುತ್ತದೆ. ಬಾಲಕನನ್ನು ತೋರಾ ಸುರುಳಿಯ ಬಳಿಗೆ ಕರೆಯುತ್ತಾರೆ, ಮಗನ ನಡತೆಯ ಹೊಣೆ ಇನ್ನು ತನ್ನದಲ್ಲವೆಂದು ತಂದೆ ದೇವರನ್ನು ಸ್ತುತಿಸುತ್ತಾನೆ, ಬಂಧುಬಳಗಕ್ಕೆ ಔತಣವಾಗುತ್ತದೆ. ಸಾಂಪ್ರದಾಯಿಕ ಸಭೆಗಳಲ್ಲಿ ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಪುರುಷರ ಲೆಕ್ಕಕ್ಕೆ ಅಂದಿನಿಂದ ಅವನೂ ಸೇರುತ್ತಾನೆ. ಸಣ್ಣ ಸಮುದಾಯದಲ್ಲಿ ಆ ಒಬ್ಬನ ಬೆಲೆ ಬಹಳ ದೊಡ್ಡದು.

ಭಾರತದ ಬೆನೆ ಇಸ್ರೇಲರು ಅಂತಹ ಸಣ್ಣ ಸಮುದಾಯ. ನಮ್ಮ ಮಂಡ್ಯ ಸೀಮೆಗೂ ಅವರಿಗೂ ನಂಟುಂಟು. ಅವರಲ್ಲೊಬ್ಬನಾದ ಸೈನ್ಯಾಧಿಕಾರಿ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್, ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನನಿಗೆ ಸೆರೆಸಿಕ್ಕಿದ್ದ. ಟಿಪ್ಪುವಿನ ತಾಯಿಯ ಮಾತಿನಿಂದ ಅವನ ಪ್ರಾಣ ಉಳಿಯಿತೆಂಬುದು ಆ ಸಮುದಾಯದ ಪರಂಪರೆಯ ಮಾತು. ಬಿಡುಗಡೆಯಾದ ಮೇಲೆ 1796ರಲ್ಲಿ ಆತ ಮುಂಬಯಿಯ ಮೊದಲ ಯೆಹೂದ್ಯ ಪ್ರಾರ್ಥನಾಮಂದಿರವನ್ನು ಕಟ್ಟಿಸಿದ. 'ಕರುಣೆಯ ದ್ವಾರ' ಎಂಬುದು ಅದರ ಹೆಸರಿನ ಅರ್ಥ. ಓದುವ ಬಾಲಕನಿಗೂ ಕೇಳುವ ಸಭೆಗೂ ಹೀಗೊಂದು ನೆಲೆ ಬೇಕು.

ಈ ತಿದ್ದುಪಡಿ ಕೇವಲ ಕಾಲಗಣನೆಯದಲ್ಲ. ಯೆಹೂದ್ಯ ಆಚರಣೆಗಳೆಲ್ಲ ಶುಭಸಂದೇಶಕ್ಕೆ ಹಿನ್ನೆಲೆಯೆಂದು ಭಾವಿಸಿದರೆ, ಕ್ರಿಸ್ತರ ನಂತರವೂ ಆ ವಿಶ್ವಾಸ ಬೆಳೆಯುತ್ತ ಬಂದಿತೆಂಬುದನ್ನು ನಾವು ಮರೆತಂತೆ. 1965ರ 'ನೋಸ್ತ್ರಾ ಏತಾತೆ' ಘೋಷಣೆ ಯೆಹೂದ್ಯರೊಡನೆ ಪರಸ್ಪರ ಅರಿವು ಮತ್ತು ಗೌರವವನ್ನು ಬಯಸುತ್ತದೆ. ಅರಿವಿಗೆ ಮೊದಲ ಮೆಟ್ಟಿಲು ನಿಖರತೆ. ದೇವಾಲಯದ ಬೋಧಕರ ನಡುವೆ ಯೇಸು ಆಲಿಸುತ್ತಲೂ ಪ್ರಶ್ನಿಸುತ್ತಲೂ ಇದ್ದರು. ನಮ್ಮ ಮಕ್ಕಳಿಗೆ ಕಲಿಸಲು ಲೂಕರ ಅಷ್ಟು ಮಾತೇ ಸಾಕು.