ಒದ್ದೆಯಾಗದ ಪೊರೆ: ಇಂಗಾಲದ ಡೈಆಕ್ಸೈಡ್ ಹಿಡಿಯುವ ಒಂದು ವಿಧಾನದ ಇತಿಹಾಸ

ಅನಿಲಗಳ ಮಿಶ್ರಣದಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಲು ಬಳಸುವ ಪೊರೆಗಳಲ್ಲಿ ಎರಡು ಬಗೆ. ಒಂದು ಬಗೆಯ ಪೊರೆ ತಾನೇ ಅನಿಲವನ್ನು ಆರಿಸುತ್ತದೆ. ಡೈಆಕ್ಸೈಡನ್ನು ಬೇಗ ದಾಟಲು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಇನ್ನೊಂದು ಬಗೆಯದು ಏನನ್ನೂ ಆರಿಸುವುದಿಲ್ಲ. ಅದರ ಒಂದು ಮಗ್ಗುಲಲ್ಲಿ ಹೊಗೆ ಹರಿಯುತ್ತದೆ, ಮತ್ತೊಂದು ಮಗ್ಗುಲಲ್ಲಿ ಡೈಆಕ್ಸೈಡನ್ನು ಹೀರಿಕೊಳ್ಳುವ ದ್ರಾವಣ ಹರಿಯುತ್ತದೆ. ಪೊರೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಆ ರಂಧ್ರಗಳಲ್ಲಿ ಅನಿಲ ಮಾತ್ರ ಇರಬೇಕು, ದ್ರಾವಣ ಒಳಗಿಳಿಯಬಾರದು. ಆರಿಸುವ ಹೊಣೆ ದ್ರಾವಣದ್ದು. ಎರಡನ್ನೂ ಬೆರೆಯಗೊಡದೆ ಎದುರುಬದುರು ನಿಲ್ಲಿಸುವ ಹೊಣೆ ಪೊರೆಯದು. ಹೀಗಾಗಿ ಈ ಎರಡನೆಯ ಬಗೆಯ ಪೊರೆ ನೀರನ್ನು ಒಲ್ಲದ ವಸ್ತುವಿನಿಂದಲೇ ಆಗಿರಬೇಕು. ಅದರ ಇತಿಹಾಸವೆಂದರೆ ಬಹುಪಾಲು ರಂಧ್ರಗಳನ್ನು ಒಣಗಿಸಿಟ್ಟುಕೊಳ್ಳುವ ಪ್ರಯತ್ನದ ಇತಿಹಾಸ.

ದ್ರಾವಣದಿಂದ ಹೀರಿಸುವ ವಿದ್ಯೆ ಪೊರೆಗಿಂತ ಹಳೆಯದು. ಅಮೆರಿಕದ ಗರ್ಡ್ಲರ್ ಕಂಪನಿಯಲ್ಲಿದ್ದ ಆರ್. ಆರ್. ಬಾಟಮ್ಸ್ ಅವರು ಅಮೀನ್ ದ್ರಾವಣದಿಂದ ಆಮ್ಲೀಯ ಅನಿಲಗಳನ್ನು ತೆಗೆಯುವ ವಿಧಾನಕ್ಕೆ 1930ರಲ್ಲಿ ಪೇಟೆಂಟ್ ಪಡೆದರು. ಅಮೀನ್ ಪ್ರತ್ಯಾಮ್ಲ, ಇಂಗಾಲದ ಡೈಆಕ್ಸೈಡ್ ದುರ್ಬಲ ಆಮ್ಲ. ತಂಪಾಗಿದ್ದಾಗ ಎರಡೂ ಕೂಡುತ್ತವೆ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಬಿಡಿಸಿಕೊಳ್ಳುತ್ತವೆ. ನೈಸರ್ಗಿಕ ಅನಿಲದ ಶುದ್ಧೀಕರಣಕ್ಕೆ ಈ ವಿಧಾನ ಬೇಗ ನೆಲೆಗೊಂಡಿತು. ತಿಂಗಳುಗಟ್ಟಲೆ ನೀರಿನಡಿಯಲ್ಲೇ ಇರುವ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ನಾವಿಕರು ಬಿಟ್ಟ ಉಸಿರನ್ನು ಶುದ್ಧಮಾಡಿದ್ದೂ ಅಮೀನ್ ದ್ರಾವಣವೇ.

ಈ ಕೆಲಸ ನಡೆಯುತ್ತಿದ್ದದ್ದು ಎತ್ತರದ ಉಕ್ಕಿನ ಗೋಪುರಗಳಲ್ಲಿ. ಮೇಲಿನಿಂದ ದ್ರಾವಣ ಜಿನುಗಿ ಇಳಿಯುತ್ತದೆ, ಕೆಳಗಿನಿಂದ ಅನಿಲ ಏರುತ್ತದೆ. ಅನಿಲದ ವೇಗ ಹೆಚ್ಚಾದರೆ ದ್ರಾವಣ ಇಳಿಯಲಾಗದೆ ಗೋಪುರದೊಳಗೇ ಕಟ್ಟಿಕೊಳ್ಳುತ್ತದೆ, ನೊರೆ ಏಳುತ್ತದೆ, ಹನಿಗಳು ಅನಿಲದೊಂದಿಗೆ ಹಾರಿಹೋಗುತ್ತವೆ. ದ್ರಾವಣ ಕಡಿಮೆಯಾದರೆ ಒಳಗಿನ ತುಂಬಣಿಯ ಒಂದಷ್ಟು ಭಾಗ ನೆನೆಯದೇ ಉಳಿದು ವ್ಯರ್ಥವಾಗುತ್ತದೆ. ಎರಡೂ ನೇರವಾಗಿ ತಾಗುವುದರಿಂದ ಒಂದರ ಹರಿವು ಇನ್ನೊಂದನ್ನು ಕಟ್ಟಿಹಾಕುತ್ತದೆ. ನಡುವೆ ಒಂದು ಗೋಡೆಯಿದ್ದು, ಆ ಗೋಡೆ ಅನಿಲವನ್ನು ಮಾತ್ರ ದಾಟಿಸುವಂತಿದ್ದರೆ ಈ ತೊಡಕುಗಳೆಲ್ಲ ಒಟ್ಟಿಗೇ ನೀಗುತ್ತವೆ.

ಅಂಥ ಗೋಡೆ ಸಾಧ್ಯವೆಂಬುದನ್ನು ಭೌತಶಾಸ್ತ್ರ ಬಹಳ ಹಿಂದೆಯೇ ತೋರಿಸಿತ್ತು. ದ್ರವದ ಹನಿ ಘನವಸ್ತುವಿನ ಮೇಲೆ ಯಾವ ಕೋನದಲ್ಲಿ ಕೂರುತ್ತದೆಂಬ ಪ್ರಶ್ನೆಯನ್ನು ಥಾಮಸ್ ಯಂಗ್ 1805ರಲ್ಲಿ ಎತ್ತಿಕೊಂಡರು. ಅದರ ಗಣಿತವನ್ನು ಲಾಪ್ಲಾಸ್ ಕಟ್ಟಿಕೊಟ್ಟರು. ಕೆಸುವಿನ ಎಲೆಯ ಮೇಲೆ ನೀರು ಗುಂಡಾಗಿ ಉರುಳುವಂತೆ, ಕೋನ 90 ಡಿಗ್ರಿ ಮೀರಿದ ಮೇಲ್ಮೈಯಲ್ಲಿ ನೀರು ಹರಡುವುದಿಲ್ಲ. ಅಂಥ ವಸ್ತುವಿನ ರಂಧ್ರದೊಳಕ್ಕೆ ನೀರನ್ನು ನುಗ್ಗಿಸಬೇಕಾದರೆ ಒತ್ತಡ ಬೇಕು. ರಂಧ್ರ ಸಣ್ಣದಾದಷ್ಟೂ ಒತ್ತಡ ಹೆಚ್ಚು ಬೇಕು. ಸಂಪರ್ಕ ಕೋನ 110 ಡಿಗ್ರಿ, ರಂಧ್ರದ ವ್ಯಾಸ 0.2 ಮೈಕ್ರಾನ್ ಎಂದಿಟ್ಟುಕೊಂಡರೆ ಶುದ್ಧ ನೀರು ಒಳನುಗ್ಗಲು ಸುಮಾರು 5 ವಾಯುಭಾರದಷ್ಟು ಒತ್ತಡ ಬೇಕಾಗುತ್ತದೆ. ರಂಧ್ರ ಒಂದು ಮೈಕ್ರಾನ್‌ಗೆ ಹಿಗ್ಗಿದರೆ ಒಂದೇ ವಾಯುಭಾರ ಸಾಕು. 1944ರಲ್ಲಿ ಇಂಗ್ಲೆಂಡಿನ ಎ. ಬಿ. ಡಿ. ಕ್ಯಾಸಿ ಮತ್ತು ಎಸ್. ಬ್ಯಾಕ್ಸ್ಟರ್ ರಂಧ್ರಮಯ ಮೇಲ್ಮೈಗಳ ಬಗ್ಗೆ ಬರೆದ ಪ್ರಬಂಧ ಇನ್ನೊಂದು ಸಂಗತಿ ಸೇರಿಸಿತು: ಒರಟಾದ ಮೇಲ್ಮೈಯ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಕೋನ ಇನ್ನೂ ಹಿಗ್ಗುತ್ತದೆ. ಅವರ ಗಮನವಿದ್ದದ್ದು ನೀರು ಹಿಡಿಯದ ಬಟ್ಟೆಗಳ ಮೇಲೆ, ಬಾತುಕೋಳಿಯ ಗರಿಗಳ ಮೇಲೆ. ಚಿಮಣಿಯ ಹೊಗೆ ಅವರ ಲೆಕ್ಕದಲ್ಲೇ ಇರಲಿಲ್ಲ.

ಸೂಕ್ತ ವಸ್ತು ಸಿಕ್ಕಿದ್ದೂ ಬೇರೆ ಕೆಲಸಗಳ ಜಾಡಿನಲ್ಲೇ. ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ 1938ರ ಏಪ್ರಿಲ್ 6ರಂದು ಶೀತಕ ಅನಿಲಗಳ ಪ್ರಯೋಗದ ನಡುವೆ ಸಿಲಿಂಡರಿನೊಳಗೆ ಬಿಳಿಯ ಮೇಣದಂಥ ಪುಡಿಯೊಂದನ್ನು ಕಂಡರು. ಮುಂದೆ ಟೆಫ್ಲಾನ್ ಎಂದು ಹೆಸರಾದ ಪಿಟಿಎಫ್‌ಇ ಅದು. ಅದಕ್ಕೆ ರಂಧ್ರ ತೆಗೆಯುವ ಒಳ್ಳೆಯ ದಾರಿ ಸಿಗಲು ಇನ್ನೂ ಮೂರು ದಶಕ ಬೇಕಾಯಿತು. 1969ರಲ್ಲಿ ಗೋರ್ ಕಂಪನಿಯ ಬಾಬ್ ಗೋರ್ ಕಾಯಿಸಿದ ಪಿಟಿಎಫ್‌ಇ ಸರಳುಗಳನ್ನು ನಿಧಾನವಾಗಿ ಎಳೆದು ನೋಡುತ್ತಿದ್ದರು. ಅವು ತುಂಡಾಗುತ್ತಲೇ ಇದ್ದವು. ಒಂದನ್ನು ಥಟ್ಟನೆ ಜಗ್ಗಿದಾಗ ಅದು ಮುರಿಯದೆ ಹಲವು ಪಟ್ಟು ಉದ್ದಕ್ಕೆ ಹಿಗ್ಗಿತು, ದಪ್ಪವೂ ಅಷ್ಟೇನೂ ಕುಗ್ಗಲಿಲ್ಲ. ಸೂಕ್ಷ್ಮದರ್ಶಕದಡಿ ಅದರ ರಚನೆ ಸ್ಪಷ್ಟವಾಗಿತ್ತು: ಸಣ್ಣ ಗಂಟುಗಳು, ಅವುಗಳನ್ನು ಕೂಡಿಸುವ ನವುರು ಎಳೆಗಳು, ಉಳಿದದ್ದೆಲ್ಲ ಗಾಳಿ. ಬೆವರಿನ ಆವಿಯನ್ನು ಬಿಟ್ಟು ಮಳೆಯನ್ನು ತಡೆಯುವ ಗೋರ್‌ಟೆಕ್ಸ್ ಕೋಟುಗಳು ಇದರಿಂದಲೇ ಬಂದವು. ಇದಕ್ಕಿಂತ ಬಹಳ ಅಗ್ಗವಾದ ಪಾಲಿಪ್ರೊಪಿಲೀನನ್ನೂ ಎಳೆದು ಹಿಗ್ಗಿಸಿ ಸೀಳಿನಂಥ ರಂಧ್ರಗಳನ್ನು ಮೂಡಿಸುವ ತಂತ್ರ ಅಮೆರಿಕದ ಸೆಲನೀಸ್ ಕಂಪನಿಯಲ್ಲಿ ಬೆಳೆಯಿತು.

ನೀರೊಲ್ಲದ ಪೊರೆಯ ಮೂಲಕ ಇಂಗಾಲದ ಡೈಆಕ್ಸೈಡನ್ನು ದಾಟಿಸುವ ಕೆಲಸ ಪಳಗಿದ್ದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ನೆದರ್ಲೆಂಡ್ಸ್‌ನ ಕಾಂಪನ್ ಊರಿನಲ್ಲಿ ಕೃತಕ ಮೂತ್ರಪಿಂಡ ಕಟ್ಟಿದ ವಿಲೆಮ್ ಕೋಲ್ಫ್, ಸೆಲೋಫೇನ್ ಕೊಳವೆಯಲ್ಲಿ ಸಾಗಿದ ಕಡುಬಣ್ಣದ ರಕ್ತ ಆಮ್ಲಜನಕ ಹೀರಿ ಕೆಂಪೇರುವುದನ್ನು ಗಮನಿಸಿದ್ದರು. 1953ರಲ್ಲಿ ಜಾನ್ ಗಿಬನ್ ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ಯಶಸ್ವಿಯಾಗಿ ಬಳಸಿದ ಹೃದಯ-ಶ್ವಾಸಕೋಶ ಯಂತ್ರದಲ್ಲಿ ರಕ್ತ ಜಾಲರಿಗಳ ಮೇಲೆ ತೆಳ್ಳಗೆ ಹರಿದು ಆಮ್ಲಜನಕವನ್ನು ನೇರವಾಗಿ ಮುಟ್ಟುತ್ತಿತ್ತು. ಹಾಗೆ ಮುಟ್ಟಿದ ರಕ್ತಕ್ಕೆ ಹಾನಿಯಾಗುತ್ತದೆ. ಆದ್ದರಿಂದ ವೈದ್ಯರು ನಡುವೆ ಪೊರೆ ತಂದರು, ಕ್ರಮೇಣ ಪಾಲಿಪ್ರೊಪಿಲೀನಿನ ಟೊಳ್ಳು ಎಳೆಗಳನ್ನು ತಂದರು. ರಂಧ್ರದ ಮೂಲಕ ಆಮ್ಲಜನಕ ರಕ್ತಕ್ಕೆ ಇಳಿಯುತ್ತದೆ, ಡೈಆಕ್ಸೈಡ್ ಹೊರಗೆ ಬರುತ್ತದೆ. ಕೆಲವು ಗಂಟೆಗಳ ಶಸ್ತ್ರಚಿಕಿತ್ಸೆಗೆ ಇದು ಚೆನ್ನಾಗಿ ಒದಗಿತು. ರೋಗಿಯನ್ನು ದಿನಗಟ್ಟಲೆ ಯಂತ್ರದ ಮೇಲಿಟ್ಟಾಗ ರಕ್ತದ ಫಾಸ್ಫೊಲಿಪಿಡ್‌ಗಳು ರಂಧ್ರದ ಗೋಡೆಗೆ ಹತ್ತಿ, ಪ್ಲಾಸ್ಮಾ ಆಚೆಗೆ ಜಿನುಗತೊಡಗಿತು. ರಂಧ್ರಗಳ ಮೇಲೆ ತೆಳುವಾದ ಗಟ್ಟಿ ತೊಗಲಿರುವ ಪಾಲಿಮೀಥೈಲ್‌ಪೆಂಟೀನ್ ಎಳೆಗಳಿಂದ ಅದನ್ನು ತಡೆದರು. ಹೊಗೆಯನ್ನು ಹಿಡಿಯಹೊರಟವರಿಗೆ ಮುಂದೆ ಎದುರಾದ ತೊಡಕೂ, ಅವರಲ್ಲಿ ಹಲವರು ಹಿಡಿದ ಪರಿಹಾರವೂ ಇದೇ.

1985ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಚಿ ಮತ್ತು ಇ. ಎಲ್. ಕಸ್ಲರ್ ಪಾಲಿಪ್ರೊಪಿಲೀನ್ ಟೊಳ್ಳು ಎಳೆಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಹರಿಸಿ ಇಂಗಾಲದ ಡೈಆಕ್ಸೈಡನ್ನು ಹೀರಿಸಿದರು. ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಮನ್ನಣೆ ಸಲ್ಲಬೇಕಾದ್ದು ಈ ಕುರಿತು ಇವರು ಬರೆದ ಎರಡು ಪ್ರಬಂಧಗಳಿಗೆ. ಹೊಸ ವಸ್ತುವೇನನ್ನೂ ಅವರು ಕಂಡುಹಿಡಿಯಲಿಲ್ಲ. ಗೋಪುರಕ್ಕೂ ಎಳೆಗಳ ಕಟ್ಟಿಗೂ ಪ್ರಾಮಾಣಿಕವಾದ ಹೋಲಿಕೆ ನಡೆಸಿ, ಎಲ್ಲಿ ಲಾಭ, ಎಲ್ಲಿ ನಷ್ಟ ಎಂದು ಅಳೆದು ತೋರಿಸಿದರು. ಪೊರೆ ಒಂದು ಹೆಚ್ಚುವರಿ ಅಡ್ಡಿ ಎಂಬುದು ನಿಜ. ಆದರೆ ಗೋಪುರದ ಒಂದು ಘನ ಮೀಟರಿನಲ್ಲಿ ಅನಿಲ ಮತ್ತು ದ್ರಾವಣ ಸಂಧಿಸುವ ವಿಸ್ತೀರ್ಣ ಸಾಮಾನ್ಯವಾಗಿ ಕೆಲವು ನೂರು ಚದರ ಮೀಟರ್. ಕೂದಲಿನಷ್ಟು ಸಪೂರವಾದ ಎಳೆಗಳನ್ನು ಒತ್ತೊತ್ತಾಗಿ ಜೋಡಿಸಿದ ಕೊಳವೆಯಲ್ಲಿ ಅದು ಸಾವಿರಾರು ಚದರ ಮೀಟರ್. ಅಡ್ಡಿಯಿಂದಾಗುವ ನಷ್ಟವನ್ನು ಈ ವಿಸ್ತಾರ ಮೀರಿ ತುಂಬಿಕೊಡುತ್ತದೆ. ಇದೇ ಕಾಲದಲ್ಲಿ ನ್ಯೂಜೆರ್ಸಿಯಲ್ಲಿ ಭಾರತ ಮೂಲದ ಕಮಲೇಶ್ ಸಿರ್ಕಾರ್ ಟೊಳ್ಳು ಎಳೆಯ ಸಾಧನಗಳ ಶಾಸ್ತ್ರವನ್ನು ವಿಸ್ತರಿಸಿದರು.

ಪ್ರಯೋಗಾಲಯದಿಂದ ಇದನ್ನು ಹೊರತಂದದ್ದು ಉತ್ತರ ಸಮುದ್ರದ ತೀರ. ನಾರ್ವೆ 1991ರಲ್ಲಿ ಇಂಗಾಲದ ತೆರಿಗೆ ಹೇರಿತು. 1996ರಿಂದ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಡೈಆಕ್ಸೈಡನ್ನು ಬೇರ್ಪಡಿಸಿ ಸಮುದ್ರತಳದಡಿಯ ಮರಳುಗಲ್ಲಿಗೆ ತುಂಬುವುದು ಆರಂಭವಾಯಿತು. ಅಲ್ಲಿನದು ಅಮೀನ್ ಗೋಪುರವೇ. ಸಮುದ್ರದ ನಡುವಿನ ವೇದಿಕೆಯ ಮೇಲೆ ಒಂದೊಂದು ಟನ್ ಭಾರಕ್ಕೂ ಬೆಲೆ ತೆರಬೇಕು. ತೇಲುವ ಹಡಗಿನ ಮೇಲಾದರೆ ಗೋಪುರ ವಾಲಿದೊಡನೆ ದ್ರಾವಣ ಒಂದು ಪಕ್ಕಕ್ಕೆ ಸರಿಯುತ್ತದೆ. ಎಳೆಗಳ ಕಟ್ಟಿಗೆ ಈ ಭಯವಿಲ್ಲ, ಅದನ್ನು ಅಡ್ಡ ಮಲಗಿಸಿಯೂ ನಡೆಸಬಹುದು. ನಾರ್ವೆಯ ಕ್ವಾರ್ನರ್ ಕಂಪನಿ 1990ರ ದಶಕದಲ್ಲಿ ಗೋರ್ ಕಂಪನಿಯ ಪಿಟಿಎಫ್‌ಇ ಪೊರೆಗಳನ್ನು ಹಿಡಿದು ಈ ದಾರಿಗೆ ಇಳಿದದ್ದು ಇದಕ್ಕಾಗಿ. ನೆದರ್ಲೆಂಡ್ಸ್‌ನ ಟಿಎನ್‌ಒ ಸಂಸ್ಥೆಯಲ್ಲಿ ಪಾಲ್ ಫೆರಾನ್ ಮತ್ತು ಸಂಗಡಿಗರು ಹೊಗೆಯಿಂದ ಹಿಡಿದ ಡೈಆಕ್ಸೈಡನ್ನು ತೋಟಗಾರಿಕೆಯ ಗಾಜಿನ ಮನೆಗಳಿಗೆ ಒದಗಿಸುವ ಉದ್ದೇಶವಿಟ್ಟುಕೊಂಡು ಅಗ್ಗದ ಪಾಲಿಪ್ರೊಪಿಲೀನಿಗೇ ಹೊಂದುವ ದ್ರಾವಣಗಳನ್ನು ಹುಡುಕಿದರು.

ಹುಡುಕಲೇಬೇಕಾಗಿತ್ತು. ಅಮೀನ್ ಬೆರೆತ ನೀರು ಶುದ್ಧ ನೀರಲ್ಲ. ಅದರ ಮೇಲ್ಮೈ ಸೆಳೆತ ಕಡಿಮೆ. ದಿನ ಕಳೆದಂತೆ ಅದು ಪಾಲಿಪ್ರೊಪಿಲೀನಿನ ಮೈಯನ್ನೂ ಬದಲಿಸಿ ರಂಧ್ರಗಳ ಬಾಯನ್ನು ಹಿಗ್ಗಿಸುತ್ತದೆ. ಮೇಲಿನ ಲೆಕ್ಕದಲ್ಲೇ ಕೋನವನ್ನು 95 ಡಿಗ್ರಿಗೂ, ಮೇಲ್ಮೈ ಸೆಳೆತವನ್ನು ಮೂರರಲ್ಲಿ ಎರಡು ಪಾಲಿಗೂ ಇಳಿಸಿದರೆ, 5 ವಾಯುಭಾರಕ್ಕೆ ಜಗ್ಗದಿದ್ದ ರಂಧ್ರ ಒಂದಕ್ಕಿಂತ ಕಡಿಮೆ ಒತ್ತಡಕ್ಕೇ ಸೋಲುತ್ತದೆ. ಬಿಸಿ ದ್ರಾವಣದ ಆವಿ ರಂಧ್ರದೊಳಗೆ ತಣಿದು ನೀರಾಗುವುದೂ ಉಂಟು. ಒಮ್ಮೆ ದ್ರವ ಹೊಕ್ಕರೆ ಪೆಟ್ಟು ದೊಡ್ಡದು. ನಿಂತ ನೀರಿನಲ್ಲಿ ಡೈಆಕ್ಸೈಡ್ ಹರಡುವ ದರ ಗಾಳಿಯಲ್ಲಿ ಹರಡುವುದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಆದ್ದರಿಂದ ರಂಧ್ರದ ಸಣ್ಣದೊಂದು ಪಾಲು ನೆನೆದರೂ ಇಡೀ ಸಾಧನದ ವೇಗ ಕುಸಿಯುತ್ತದೆ. ಕಳೆದ ಮೂರು ದಶಕಗಳ ಸಂಶೋಧನೆಯ ದೊಡ್ಡ ಪಾಲು ಸವೆದದ್ದು ಈ ಒಂದು ತೊಂದರೆಗೆ. ಮೇಲ್ಮೈ ಸೆಳೆತವನ್ನು ಇಳಿಸದ ಅಮಿನೊ ಆಮ್ಲ ಲವಣಗಳ ದ್ರಾವಣ, ಪಿವಿಡಿಎಫ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳಿಗೆ ಫ್ಲೋರಿನ್‌ಯುಕ್ತ ಲೇಪ, ಶ್ವಾಸಕೋಶ ಯಂತ್ರದಿಂದ ಎರವಲು ತಂದ ತೆಳುತೊಗಲಿನ ಎಳೆ ಎಲ್ಲವೂ ಬಂದವು. ಅಮೆರಿಕದಲ್ಲಿ ಗ್ಯಾಸ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್ ಮತ್ತು ಪೊರೊಜೆನ್ ಕಂಪನಿ, ಬಿಸಿಗೂ ಅಮೀನಿಗೂ ಅಂಜದ ಪೀಕ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳಿಗೆ ನೀರೊಲ್ಲದ ಮೈ ಕೊಟ್ಟು ಅಲಬಾಮದ ವಿಲ್ಸನ್‌ವಿಲ್‌ನಲ್ಲಿ ಕಲ್ಲಿದ್ದಲಿನ ನಿಜವಾದ ಹೊಗೆಯ ಮೇಲೆ ಪರೀಕ್ಷಿಸಿದವು.

ಈ ಪೊರೆಗಳು ಕೈಗಾರಿಕೆಯಲ್ಲಿ ಗಟ್ಟಿಯಾಗಿ ನೆಲೆನಿಂತಿರುವುದು ನೀರಿನ ಶುದ್ಧೀಕರಣದಲ್ಲಿ. ಚಿಪ್ ತಯಾರಿಕೆಗೂ ಬಾಯ್ಲರಿಗೂ ಹೋಗುವ ನೀರಿನಲ್ಲಿ ಕರಗಿದ ಆಮ್ಲಜನಕ, ಡೈಆಕ್ಸೈಡುಗಳನ್ನು ಪಾಲಿಪ್ರೊಪಿಲೀನ್ ಎಳೆಗಳು ದಿನವೂ ಸೆಳೆದು ತೆಗೆಯುತ್ತಿವೆ. ಅಲ್ಲಿ ಅಮೀನಿನ ಕಾಟವಿಲ್ಲ. ದೊಡ್ಡ ವಿದ್ಯುತ್ ಸ್ಥಾವರಗಳ ಹೊಗೆಗೆ ಇಂದಿಗೂ ಗೋಪುರವೇ ಮೊದಲ ಆಯ್ಕೆ. ಇದರ ನಡುವೆ 2023ರ ಜನವರಿಯಲ್ಲಿ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್ ಮತ್ತು ನಾರ್ವೆ ಸೇರಿ ಪಿಎಫ್‌ಎಎಸ್ ವರ್ಗದ ಫ್ಲೋರಿನ್ ಸಂಯುಕ್ತಗಳನ್ನು ಯುರೋಪಿನಲ್ಲಿ ನಿರ್ಬಂಧಿಸುವ ಪ್ರಸ್ತಾಪ ಸಲ್ಲಿಸಿದವು. ಅದರ ವ್ಯಾಪ್ತಿಯಲ್ಲಿ ಪಿಟಿಎಫ್‌ಇಯೂ ಇದೆ. ಎಲ್ಲಕ್ಕಿಂತ ಚೆನ್ನಾಗಿ ಒಣಗಿ ಉಳಿಯುವ ವಸ್ತುವಿನ ಲಭ್ಯತೆಯೇ ಹೀಗೆ ಪ್ರಶ್ನೆಯಾದ್ದರಿಂದ ಸಿಲಿಕೋನ್ ಲೇಪಗಳು, ಸಿಲಿಕಾ ಕಣಗಳಿಂದ ಒರಟಾಗಿಸಿದ ಮೇಲ್ಮೈಗಳು, ಪಿಂಗಾಣಿ ಪೊರೆಗಳು ಮತ್ತೆ ಪ್ರಯೋಗಾಲಯದ ಮೇಜಿಗೆ ಬಂದಿವೆ. ಬಿಸಿ ಅಮೀನಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು, ನಡುನಡುವೆ ತೆಗೆದು ಹನಿಯ ಕೋನವನ್ನು ಅಳೆದು ಅವುಗಳನ್ನು ಪರೀಕ್ಷಿಸಲಾಗುತ್ತಿದೆ.